ದೂರದ ದಾಯಾದಿ

ಇಲ್ಲ ಡಾಕ್ಟ್ರೇ, ಇಲ್ಲ ಅಂದ್ನಲ್ಲ! ಈ ತಿಂಗಳು ಒಂದು ಮಂಗಾನೂ ಸತ್ತಿಲ್ಲ. ಇಕ್ಕೇರಿಯಿಂದಾಚೆ ಅಷ್ಟೂ ಕಾಡು ಸುತ್ತೀನಿ, ಕಾಲು ಬಿದ್ದೋಗಿದೆ. ಸತ್ತಿದ್ರೆ ನಿಮ್ಮ ಕ್ಯಾಂಪಿಗೆ ಸುದ್ದಿ ಮುಟ್ಸೋದೇ ಅಲ್ವಾ ಈ ಮಾಸ್ತಪ್ಪನ ಕೆಲ್ಸ? ನನ್ನ ಹೆಂಡ್ತಿ ಬೆಳ್ಳಮ್ಮ ನಾಲ್ಕು ದಿನದಿಂದ ಜ್ವರ ಬಂದು ಮಲಗಿದಾಳೆ. ಕಣ್ಣು ಕೆಂಡ ಆಗಿದೆ. ಔಷಧಿ ಕೊಡಿ ಅಂತ ಬಂದ್ರೆ, ಮಂಗನ ವಿಚಾರ ಕೇಳ್ತಾ ಕೂತ್ರಲ್ಲ...

ಕೂತ್ಕೊಳ್ಳಾ? ಹೂಂ, ಕೂತೆ. ಸಾಕಾಗಿದೆ.

ಗೋಡೆ ಮೇಲಿನ ಪಟ ಹಂಗೇ ಇದೆ. ಕೋಲು ಹಿಡಿದು ನೀವೇ ಹೇಳ್ಕೊಟ್ಟಿದ್ದು. ಕೆಂಪು ಮೂತಿದು ಮಂಗ, ಕಪ್ಪು ಮೂತಿದು ಮುಸಿಯ, ಎರಡೂ ಬಾಲದೋವು. ಬಾಲ ಇಲ್ದಿರೋ ದೊಡ್ಡ ವಾನರದ ಗುಂಪು ಬೇರೆ, ಅವು ನಮ್ಮ ಕಾಡಲ್ಲಿಲ್ಲ. ಅದೇ ಗುಂಪಿನ ಕೊನೇಲಿ... ಮನುಷ್ಯ! ಅಂಗಿ ಇಲ್ದೆ ನಿಂತಿದಾನೆ ಪಾಪ. ಯಾಕೆ ನಗ್ತೀರಿ? ಆವತ್ತೂ ನಕ್ಕಿದ್ರಿ. ಹಂಗಾದ್ರೆ ಮುಸಿಯ ನಮಗೇನಾಗ್ಬೇಕು ಅಂತ ಕೇಳಿದ್ದಕ್ಕೆ, ದೂರದ ದಾಯಾದಿ ಕಣಯ್ಯಾ ಅಂದ್ರಿ. ಊರಿಗೆ ಹೋಗಿ ಹೇಳ್ದೆ. ನಮ್ಮ ಪಕ್ಕದ್ಮನೆ ಜಯಪ್ಪ, 'ಇದನ್ನ ಹೇಳೋಕೆ ಅವ್ರಿಗೆ ಇಂಗ್ಲೀಷು ಪುಸ್ತಕ ಬೇಕಾಯ್ತೇನೋ' ಅಂದ.

ಏನು ನೋಡ್ತಿದೀರಿ? ಮೀಸೆನಾ? ತೆಗೆಸ್ದೆ... ತಲೆನೂ ಬೋಳಿಸ್ದೆ. ಹೇನಾಗಿತ್ತು. ಅಲ್ಲ, ಹರಕೆ ಇತ್ತು... ಯಾವ ದೇವ್ರಿಗಾ?

ಹಂಗೆ ದಿಟ್ಟಿಸ್ಬೇಡಿ ಡಾಕ್ಟ್ರೇ, ಹೇಳ್ತೀನಿ!

ಸತ್ತಿತ್ತು. ಹೂಂ, ಮುಸಿಯ. ಒಂಬತ್ತು ದಿನ ಆಯ್ತು. ನಮ್ಮ ಜಗಲಿ ಮುಂದೇನೇ ಬಂದು ಬಿತ್ತು. ನಿಮಗೆ ಹೇಳಿದ್ರೆ ಕೊಯ್ದು ಸೀಸೆಗೆ ಹಾಕ್ತೀರಿ. ದಾಯಾದಿನ ಕೊಯ್ಯೋಕೆ ಕೊಡ್ತಾರಾ? ಚಟ್ಟ ಕಟ್ಟಿದ್ವಿ. ಊರೋರು ಹೆಗಲು ಕೊಟ್ರು. ನಾನು ಕರ್ತ, ಮಡಿಕೆ ಹಿಡಿದು ಮುಂದೆ ನಡೆದೆ.

ಇಲ್ಲ, ನಾನು ಮುಟ್ಲಿಲ್ಲ. ಸತ್ತ ಮಂಗನ ಮೈಯಿಂದ ರಕ್ತ ಹೀರೋ ಉಣುಗು ಹತ್ತುತ್ತೆ, ಅದು ಕಚ್ಚಿದ್ರೇ ಈ ಮಂಗನ ಕಾಯಿಲೆ ಅಂತ ನೀವು ಹೇಳಿದ್ದು ನೆನಪಿತ್ತು. ಮೈತುಂಬ ಉಣುಗಿತ್ತು ಡಾಕ್ಟ್ರೇ.

ಹೆಣ ಮೀಸಿದ್ಯಾರಾ?

...ಬೆಳ್ಳಮ್ಮ. ಬಿಸಿನೀರು ಕಾಸಿ, ತೊಡೆ ಮೇಲೆ ಹಾಕ್ಕೊಂಡು, ಉಣುಗು ಒಂದೊಂದೇ ಕಿತ್ತು ಹಾಕಿದ್ಲು. ಪಾಪ, ಎಷ್ಟು ಕಚ್ಚಿದಾವೆ ನೋಡಿ ಅಂದ್ಲು. ನನಗೆ ಗೊತ್ತಿತ್ತು. ಊರೆಲ್ಲ ನಿಂತಿತ್ತು, ಬೇಡ ಕಣೇ ಅನ್ನೋಕೆ ಬಾಯಿ ಬರ್ಲಿಲ್ಲ. ನಾನು ದೂರ ಸರಿದು ನಿಂತ್ಕೊಂಡೆ.

ಔಷಧಿ ಇದೆ ಅನ್ನಿ ಡಾಕ್ಟ್ರೇ... ಯಾಕೆ ತಲೆ ಬಗ್ಗಿಸಿದ್ರಿ?