‘ತಡೀತು’ ಅಂದವನು

ನಗಬೇಡ ಕಣೇ! ಇನ್ನೂ ಅರ್ಧಾನೂ ಹೇಳಿಲ್ಲ, ಆಗಲೇ ಹಲ್ಲು ಬಿಡ್ತೀಯಲ್ಲ... ಕಟ್ಟಿಕೊಂಡ ಗಂಡ ಇಡೀ ಲ್ಯಾಬಿನ ಮುಂದೆ ಮಾನ ಕಳ್ಕೊಂಡು ಬಂದಿದ್ದಾನೆ, ಸ್ವಲ್ಪನಾದ್ರೂ ಮರುಗಬಾರ್ದಾ? ಏನು? ಹೂಂ, ಕೈ ತೊಳ್ಕೊಂಡೆ. ಸೋಪು ಹಾಕೇ ತೊಳ್ಕೊಂಡೆ. ಸಿಮೆಂಟು ಧೂಳು ಉಗುರು ಬಿಟ್ಟು ಹೋಗಲ್ಲ ಅಂತ ನಿಂಗೆ ಗೊತ್ತಿಲ್ವಾ? ಮದುವೆ ಆದಾಗಿಂದ ನೋಡ್ತಿದ್ದೀಯ.

ಎಲ್ಲಿದ್ದೆ? ಹಾಂ... ಇವತ್ತಿನ ಸ್ಲ್ಯಾಬು. ವಿಮಾನ ಬಂದು ಬಡಿದ್ರೂ ತಡೀಬೇಕು, ಅಂಥ ಗೋಡೆಯ ತುಂಡು. ಒಳಗೆ ಎರಡು ಸಾಲು ಕಂಬಿ ಕಟ್ಟಿದ್ರು. ನಿಲ್ಲಿಸಿದೆ, ಗನ್ನಿಗೆ ಗಾಳಿ ಒತ್ತಿ ತುಂಬಿದೆ, ಉಕ್ಕಿನ ಗುಂಡು ಬಿಟ್ಟೆ. ಇಂಜಿನಿಯರುಗಳೆಲ್ಲ ದಪ್ಪ ಗಾಜಿನ ಹಿಂದೆ ನಿಂತು ಬಗ್ಗಿ ಬಗ್ಗಿ ನೋಡ್ತಿರ್ತಾರೆ. ಧೂಳು ಇಳಿಯೋ ತನಕ ಅವರಿಗೇನೂ ಕಾಣಲ್ಲ. ಆದ್ರೆ ನಿನ್ನ ಗಂಡ ಇದ್ದಾನಲ್ಲ, ಮಹಾನುಭಾವ! ಬರೀ ಶಬ್ದ ಕೇಳಿ ಹೇಳ್ಬಿಡ್ತಾನೆ. ಗೋಡೆ ತಡೆದ್ರೆ ಒಂದೇ ‘ಧಬ್’. ಗುಂಡು ತೂರಿ ಹೋದ್ರೆ ಅದರ ಬೆನ್ನಿಗೇ ಸಣ್ಣಗೆ ‘ಟಣ್’... ಹಿಂದೆ ನಿಲ್ಲಿಸಿರೋ ತಗಡಿಗೆ ಬಡಿದಿದ್ದು.

ಹಾಂ? ಕಿವಿಗೆ ಹಾಕ್ಕೊಳ್ಳೋ ಮುಚ್ಚಳಾನಾ? ಹಾಕ್ಕೋತೀನಮ್ಮ, ಎರಡೂ ಕಡೆ! ಗುಂಡು ಬಿಡೋ ಹೊತ್ತಿಗೆ ಮಾತ್ರ... ಒಂದು ಕಡೆದು ಹೀಗೆ... ಸ್ವಲ್ಪ ಎತ್ತಿ... ಒಂದೇ ಕ್ಷಣ! ಹಾಗೆ ನುಂಗೋ ಹಾಗೆ ನೋಡ್ಬೇಡ. ಮುಚ್ಕೊಂಡು ಕೂತ್ರೆ ಆ ‘ಟಣ್’ ಹೇಗೆ ಕೇಳುತ್ತೆ? ಇಷ್ಟು ವರ್ಷ ಅದೊಂದು ‘ಟಣ್’ ಇಟ್ಕೊಂಡೇ ಅಲ್ವಾ ನಾನು ಮೆರೆದಿದ್ದು!

ಸರಿ, ಇವತ್ತು... ಹೊಡೆದೆ. ಎಲ್ಲರೂ ನನ್ನ ಮುಖ ನೋಡಿದ್ರು. ನಾನು ಎದೆ ಉಬ್ಬಿಸಿ ‘ತಡೀತು!’ ಅಂದೆ. ಧೂಳು ಇಳೀತು. ನೋಡಿದ್ರೆ... ಆ ತೂತಲ್ಲಿ ಕೈ ತೂರಿಸಿ ಆ ಕಡೆ ನಿಂತವರ ಕೈ ಕುಲುಕಬಹುದಿತ್ತು! ನಗು, ನಗು. ಆ ಇಂಜಿನಿಯರುಗಳೂ ಹೊಟ್ಟೆ ಹಿಡ್ಕೊಂಡು ನಕ್ಕರು. ದೊಡ್ಡ ಸಾಹೇಬ್ರು ಮಾತ್ರ ನಗಲಿಲ್ಲ. ‘ನಾಳೆ ಡಾಕ್ಟ್ರಿಗೆ ತೋರಿಸ್ಕೊಂಡು ಬಾ’ ಅಂದ್ರು. ಹಾಗೇ ಅಂದ್ರು ಅನ್ಸುತ್ತೆ. ಮೀಸೆ ಅಡ್ಡ ಇತ್ತು.

ಇಲ್ಲ ಇಲ್ಲ, ಅದು ಬಿಡು, ಗೋಡೆ ವಿಷಯ ಕೇಳು. ತಡೆದ್ರೂ ನಂಬೋ ಹಾಗಿಲ್ಲ ಕಣೇ. ಮುಂದೆ ನೋಡಿದ್ರೆ ಬಟ್ಟಲಗಲ ಗುಳಿ, ಅಷ್ಟೇ. ಪೆಟ್ಟು ಒಳಗೊಳಗೇ ಹಿಂಬದಿ ತನಕ ಓಡುತ್ತೆ, ಅಲ್ಲಿ ದಾರಿ ಇಲ್ದೆ ತಿರುಗುತ್ತೆ, ತಿರುಗುವಾಗ ಎಳೆಯುತ್ತೆ. ಕಾಂಕ್ರೀಟು ಎಷ್ಟು ಒತ್ತಿದ್ರೂ ತಾಳುತ್ತೆ, ಎಳೆದ್ರೆ ಮಾತ್ರ ತಾಳಲ್ಲ... ಥೇಟ್ ನಿಮ್ಮಮ್ಮ! ಹಿಂಬದಿಯಿಂದ ಊಟದ ತಟ್ಟೆಯಗಲ ಚಕ್ಕೆ ಎದ್ದು ಹಾರುತ್ತೆ. ಕಂಬಿ ಒತ್ತೊತ್ತಾಗಿ ಕಟ್ಟಿದ್ರೆ ಅದು ಚೂರುಗಳನ್ನ ತಬ್ಬಿ ಹಿಡ್ಕೊಂಡಿರುತ್ತೆ. ಇಲ್ದಿದ್ರೆ ಹಿಂದೆ ನಿಂತೋರ ಗತಿ ಮುಗೀತು.

ಮತ್ತೆ ಡಾಕ್ಟ್ರಾ? ಯಾಕೆ? ಕಿವಿ ಕೆಟ್ಟಿದೆ ಅಂತ ಆ ಪುಣ್ಯಾತ್ಮ ಒಂದು ಮಾತು ಅಂದ್ರೆ ಸಾಕು, ನನ್ನನ್ನ ಗನ್ನಿನ ಹತ್ರ ಬಿಡಲ್ಲ. ಉಗ್ರಾಣದಲ್ಲಿ ಬೋಲ್ಟು ಒರೆಸ್ತಾ ಕೂರ್ಬೇಕು. ನಂಗೆ ಬೇರೆ ಏನು ಬರುತ್ತೆ ಹೇಳು? ಅಲ್ಲ, ನನ್ನ ಕಿವಿಗೇನಾಗಿದೆ? ಬಂದು ಕೂತಾಗಿಂದ ನೀನು ಕೇಳಿದ್ದಕ್ಕೆಲ್ಲ ಪಟಪಟ ಅಂತ ಉತ್ತರ ಕೊಡ್ತಿಲ್ವಾ? ಒಂದಾದ್ರೂ ತಪ್ಪಿದ್ನಾ?

ಯಾಕೆ ಕೈ ಹಿಡ್ಕೊಂಡೆ? ಅಯ್ಯೋ, ನಿನ್ನ ಕುತ್ತಿಗೆ ಮೇಲೆ ಯಾಕೆ ಇಟ್ಕೋತೀಯ? ಈ ವಯಸ್ಸಲ್ಲಿ ಇದೇನೇ ಸರಸ! ಹಾಂ, ‘ಊಟ ಬಡಿಸ್ಲಾ’ ಅಂತಿದ್ದೀಯ. ಬಡಿಸು. ಅದಕ್ಕೆ ಕೈ ಯಾಕೆ... ಇರು. ಇನ್ನೊಂದ್ಸಲ ಹೇಳು.

ತುಟಿ ಆಡ್ತಿದೆ. ಗಂಟಲು ಅದುರ್ತಾನೇ ಇಲ್ವಲ್ಲೇ...

ಅಂದ್ರೆ... ಆಗಿಂದ ನೀನು ದನಿ ತೆಗೆದೇ ಇಲ್ವಾ? ಬರೀ ತುಟಿ ಆಡಿಸ್ತಿದ್ಯಾ? ನಾನು, ಕತ್ತೆ, ಅದಕ್ಕೆಲ್ಲ ಹಾಂ, ಹೂಂ ಅಂತ...

ಅಳಬೇಡ ಕಣೇ. ನೀನು ಅತ್ರೆ ತುಟಿ ನಡುಗುತ್ತೆ, ಏನು ಹೇಳ್ತೀಯೋ ನಂಗೆ ತಿಳಿಯಲ್ಲ. ಭಯ ಆಗಿತ್ತು, ಅದಕ್ಕೇ ಹೇಳಲಿಲ್ಲ. ನಿನ್ನ ದನಿ ಕೊನೇ ಸಲ ಯಾವಾಗ ಕೇಳಿದ್ನೋ... ಅದೂ ನೆನಪಿಲ್ಲ.

ನೋಡು, ಕೈ ತೆಗೆದೆ. ಕಣ್ಣೂ ಮುಚ್ಕೊಂಡೆ. ಈ ಸಲ ನಿಜವಾಗ್ಲೂ ದನಿ ತೆಗೆದು, ಗಟ್ಟಿಯಾಗಿ, ನನ್ನ ಕರಿ.

...ಕರೆದ್ಯಾ?