ಭಾವನ ದನಿ

ಆತುರಗಾರನಿಗೆ ಬೀಟಾ ಮಟ್ಟ. ಗಾದೆ ಕೆಡಿಸಿದ್ದು ಹೌದು, ಕಥೆ ಮಾತ್ರ ಕಲಬೆರಕೆಯಿಲ್ಲದ ನಿಜ.

ಕಂಪ್ಯೂಟರ್ ರಿಪೇರಿ ಅಂಗಡಿಯ ಬೆಂಚಿನಲ್ಲಿ ಕೆಟ್ಟ ಪ್ರಿಂಟರನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಡ್ರಾಯಿಂಗ್ ಮೇಷ್ಟರಿಗೆ ಬೆನ್ನ ಹಿಂದೆ ಗಂಡಹೆಂಡಿರ ಜಗಳ ಕೇಳಿಸಿತು. ತಿರುಗಿದರೆ ಇಬ್ಬರೂ ಗಂಡಸರೇ. ಗಂಟಲಿಗೆ ಮಫ್ಲರ್ ಸುತ್ತಿದ್ದ ಹಿರಿಯವನು ಲ್ಯಾಪ್‌ಟಾಪಿನಲ್ಲಿ ಟೈಪು ಮಾಡುತ್ತಿದ್ದ; ಅದು ವಾರ್ತೆ ಓದುವ ಹೆಂಗಸಿನ ದನಿಯಲ್ಲಿ ಅವನ ಪರವಾಗಿ ಮಾತಾಡುತ್ತಿತ್ತು.

“ಇನ್ನೂ ಪರೀಕ್ಷೆ ಮುಗಿಯದ ಬೀಟಾ ಸಿಸ್ಟಮ್ಮನ್ನ ಇದಕ್ಕೆ ಯಾಕೆ ಹಾಕ್ದೆ?”

“ಹೊಸದು ಹಾಕಿ ನಿಮ್ಮನ್ನ ಒಂಚೂರು ಬೆಚ್ಚಿಬೀಳಿಸೋಣ ಅಂತ, ತಮಾಷೆಗೆ ಭಾವ. ನಿಮ್ಮ ದನೀನ ಅದು ಗುರುತೇ ಹಿಡಿಯಲ್ಲ ಅಂತ ನಂಗೇನು ಗೊತ್ತು?”

“ಆಪರೇಷನ್‌ಗೆ ಮುಂಚೆ ಗಂಟಲು ಹರಿಯೋ ಹಾಗೆ ಓದಿ ಓದಿ ಇದ್ರೊಳಗೆ ತುಂಬಿಸಿಟ್ಟ ನನ್ನ ದನಿ ಅದು. ನಿನ್ನೆ ಮಗಳು ಫೋನಲ್ಲಿ, ‘ಆಂಟಿ, ಅಪ್ಪಂಗೆ ಕೊಡಿ’ ಅಂದ್ಲು.”

ಭಾಮೈದ ಮೂಗೊರೆಸಿಕೊಂಡ. “ಮುಂದಿನ ಬೀಟಾ ಹಾಕಿದ್ರೆ ವಾಪಸ್ ಬಂದ್ರೂ ಬರ್ಬಹುದಂತೆ.”

“ಬರದಿದ್ರೆ?”

“ಒಳಗಿರೋ ನಿಮ್ಮ ದನಿಯ ಫೈಲೂ ಅಳಿಸಿಹೋಗ್ಬಹುದಂತೆ. ನಕಲು ಮಾಡ್ಕೊಳ್ಳೋಕೂ ಬಿಡ್ತಿಲ್ಲ ಅದು.”

“ಹಾಗಾದ್ರೆ ಬೇಡ. ಮಾತಾಡದಿದ್ರೂ ಪರವಾಗಿಲ್ಲ, ಒಳಗೇ ಇರ್ಲಿ. ನಡಿ, ಮನೆಗೆ ಹೋಗೋಣ.”

“ಒಂದು ಒದ್ದುಬಿಡಿ ಭಾವ ನಂಗೆ.”

ಬೆರಳುಗಳು ಮತ್ತೆ ಓಡಿದವು. “ಮಿಮಿಕ್ರಿ ಮಾಡ್ಕೊಂಡು ಊರವರ ದನೀನೆಲ್ಲ ಕದ್ದು ಬದುಕಿದೋನು ನಾನು. ಕಳ್ಳನ ಮನೆಗೇ ಕನ್ನ ಹಾಕ್ದೆಯಲ್ಲೋ.”

ಭಾಮೈದ ಅಳುತ್ತಲೇ ನಕ್ಕ. ಕದ್ದು ಕೇಳುತ್ತಿದ್ದ ಮೇಷ್ಟರೂ ನಕ್ಕುಬಿಟ್ಟರು. ಭಾವ ಎದ್ದು ನಿಂತು, ಸದ್ದನ್ನು ತುದಿಯವರೆಗೆ ಏರಿಸಿ, ಏನೋ ಒತ್ತಿದ. ಭುಜಗಳು ಕುಲುಕುತ್ತಿದ್ದವು, ಬಾಯಿಂದ ಉಸಿರು ಮಾತ್ರ ಬರುತ್ತಿತ್ತು. ಇಬ್ಬರೂ ಬಾಗಿಲು ದಾಟಿ ಬೀದಿಗಿಳಿದರೂ, ತೆರೆದೇ ಇದ್ದ ಲ್ಯಾಪ್‌ಟಾಪಿನಿಂದ ಆ ಹೆಂಗಸು ಏರಿಳಿತವೇ ಇಲ್ಲದೆ, ಇಡೀ ಅಂಗಡಿಗೆ ಕೇಳುವಂತೆ ಹೇಳುತ್ತಲೇ ಇದ್ದಳು:

“ಹ. ಹ. ಹ. ಹ.”