ಹಿತ್ತಾಳೆಯ ಮೇಲಿನ ಹೆಬ್ಬೆಟ್ಟು

ಮಾನ್ಯ ಅಧ್ಯಕ್ಷರೇ, ಈಗಷ್ಟೇ ನನ್ನನ್ನು ಬಾಯಿತುಂಬ ಹೊಗಳಿದ ಕಾರ್ಯದರ್ಶಿಗಳೇ, ನಮ್ಮ ಮಾದರಿ ರೈಲು ಸಂಘದ ಸದಸ್ಯರೇ, ಮೂರನೆಯ ಸಾಲಿನಲ್ಲಿ ಕುಳಿತಿರುವ ಅಕ್ಕಾ, ಸಭಿಕರೇ,

‘ಒಂದು ಬೆರಳಚ್ಚೂ ಕಾಣದ ಬಣ್ಣ’ ಎಂದು ಈ ಫಲಕದ ಮೇಲೆ ಕೆತ್ತಿಸಿದ್ದೀರಿ. ಓದಿ ಬೆವೆತುಹೋದೆ. ಫ್ಯಾನಿನ ತಪ್ಪಲ್ಲ.

ನಾಲ್ಕು ಜನರನ್ನು ಕೂರಿಸಿಕೊಂಡು ಎಳೆಯುವ ಆ ಹಬೆ ಎಂಜಿನ್ನನ್ನು ಒಂಬತ್ತು ವರ್ಷ ಕೂತು ಕಟ್ಟಿದವಳು ನನ್ನ ಅಕ್ಕ. ನಾನು ಯಾರು? ಗ್ಯಾರೇಜಿನಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವವನು. “ಬಣ್ಣ ಮಾತ್ರ ನೀನೇ ಹೊಡೀಬೇಕು ಕಣೋ, ಬೇರೆ ಯಾರನ್ನೂ ನಂಬಲ್ಲ” ಎಂದಳು. ನಂಬಿದಳು, ಪಾಪ.

ತೊಳೆದಿಟ್ಟ ಲೋಹವನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡಿದ್ದರೆ ಬಣ್ಣ ಹಿಡಿಯುವುದಿಲ್ಲ. ಇದನ್ನು ಇದೇ ಸಭಾಂಗಣದಲ್ಲಿ ನಿಮಗೆ ಎಷ್ಟು ಸಲ ಕೊರೆದಿದ್ದೇನೆ! ಎಂಜಿನ್ನಿಗೆ ಬಣ್ಣ ಹೊಡೆಯುವ ದಿನ ಗ್ಲೌಸ್ ಪಕ್ಕದ ಕೋಣೆಯಲ್ಲಿತ್ತು. ಎದ್ದು ಹೋಗಲು ಸೋಮಾರಿತನ. ಹುರಿಗಡಲೆ ತಿಂದ ಕೈಯಲ್ಲೇ ಅದರ ಹಿತ್ತಾಳೆಯ ನೀರಿನ ಟ್ಯಾಂಕನ್ನು ಎತ್ತಿ ತಿರುಗಿಸಿದೆ.

ಮೊದಲ ಸಲ ಹಬೆ ಏರಿಸಿದ ದಿನ ಟ್ಯಾಂಕಿನ ಹಸಿರು ಬಣ್ಣ ಗುಳ್ಳೆ ಎದ್ದಿತು. ಅಕ್ಕನ ಮುಖ ಸಪ್ಪಗಾಯಿತು. ನಾನು ಏನೆಂದೆ? “ಬೆಸುಗೆಗೆ ಹಚ್ಚಿದ ಆ್ಯಸಿಡ್ ಸರಿಯಾಗಿ ತೊಳ್ದಿಲ್ಲ ನೀನು, ಅದಕ್ಕೇ ಗುಳ್ಳೆ.” ನಿಮ್ಮೆಲ್ಲರ ಮುಂದೆ ಅಂದೆ. ನೀವೂ ತಲೆಯಾಡಿಸಿದಿರಿ.

ಸಂಜೆ ಒಬ್ಬನೇ ಕೂತು ಗುಳ್ಳೆ ಕಿತ್ತೆ. ಕೆಳಗೆ, ಹಿತ್ತಾಳೆಯ ಮೇಲೆ, ಹೆಬ್ಬೆಟ್ಟಿನ ಗುರುತು, ನಡುವೆ ಅಡ್ಡಗೆರೆ. ಇದೇ ಗೆರೆ, ನೋಡಿ. ಚಿಕ್ಕವನಿದ್ದಾಗ ಸೈಕಲ್ ಚೈನಿಗೆ ಬೆರಳು ಕೊಟ್ಟಿದ್ದೆ; ತನ್ನ ರಿಬ್ಬನ್ ಬಿಚ್ಚಿ ಕಟ್ಟಿದವಳು ಅಕ್ಕನೇ. ಅವಳ ಕಣ್ಣಿಗೆ ಬಿದ್ದಿದ್ದರೆ ತಕ್ಷಣ ಗುರುತು ಹಿಡಿಯುತ್ತಿದ್ದಳು. ಅದಕ್ಕೇ ಉಜ್ಜುಕಾಗದ ತಂದು ಅಳಿಸಿದೆ. ಹೌದು, ಅಳಿಸಿದೆ.

ಆಮೇಲೆ ಎರಡು ತಿಂಗಳು ಅಕ್ಕ ಹಲ್ಲುಜ್ಜುವ ಬ್ರಶ್ಶು ಹಿಡಿದು ಒಂದೊಂದೇ ಬೆಸುಗೆಯನ್ನು ತೊಳೆದಳು. “ನಿನ್ ಕೆಲ್ಸಾನೂ ಹಾಳು ಮಾಡ್ಬಿಟ್ನಲ್ಲೋ” ಎಂದು ನನ್ನಲ್ಲೇ ಕ್ಷಮೆ ಕೇಳಿದಳು! “ಇರ್ಲಿ ಬಿಡಕ್ಕ” ಎಂದೆ. ಎಂಥ ದೊಡ್ಡ ಮನುಷ್ಯ ನಾನು! ಎರಡನೆಯ ಸಲ ಬಣ್ಣ ಹೊಡೆಯುವಾಗ ಗ್ಲೌಸ್ ಹಾಕಿಕೊಂಡೆ, ಫಲಕ ಬಂತು. ಅಕ್ಕ ಬೆಂಕಿಯುಗುಳುವ ತನ್ನ ಬೆಸುಗೆ ಟಾರ್ಚನ್ನು ಸಂಘಕ್ಕೆ ಕೊಟ್ಟುಬಿಟ್ಟಳು. “ಇನ್ನು ನನ್ನ ಕೈ ನಂಬೋ ಹಾಗಿಲ್ಲ” ಎಂದಳಂತೆ. ನಿಮಗೇ ಹೇಳಿದ್ದಲ್ಲವೇ ಅಧ್ಯಕ್ಷರೇ?

ಅಕ್ಕಾ, ನಿನ್ ಕೈ ಸರಿಯಾಗೇ ಇತ್ತು. ಕೊಳಕು ಬೆರಳು ನಂದು. ಮನೆಯಲ್ಲೇ ಹೇಳಬಹುದಿತ್ತು, ಆದರೆ ಅಂದು ಇವರೆಲ್ಲರ ಮುಂದೆ ನಿನ್ನ ಮರ್ಯಾದೆ ಕಳೆದಿದ್ದೆ. ನಾಚಿಕೆಯಾಗುತ್ತಿದೆ, ತಲೆ ಎತ್ತಿ ನಿನ್ನನ್ನು ನೋಡಲು ಆಗುತ್ತಿಲ್ಲ.

ಕಾರ್ಯದರ್ಶಿಗಳೇ, ಸಂಘದ ಬೀರುವಿನಿಂದ ಆ ಟಾರ್ಚ್ ತರಿಸಿ. ಅದರ ಜಾಗದಲ್ಲಿ ಈ ಫಲಕ ಇರಲಿ.

ಅಕ್ಕಾ, ಎದ್ದು ಹೊರಟ್ಯಾ? ಹೋಗು. ನನ್ನ ಜೊತೆ ಮಾತು ಬಿಟ್ಟರೂ ಸರಿ, ಟಾರ್ಚ್ ಬಿಟ್ಟು ಹೋಗಬೇಡ.

ಇಷ್ಟು ಹೊತ್ತು ಕೇಳಿದಿರಿ, ಋಣಿ. ಚಪ್ಪಾಳೆ ಮಾತ್ರ ಬೇಡ. ನಮಸ್ಕಾರ.